ಬೀಗ ಹಾಕಿದ ಮನೆಗಳ ಊರಲ್ಲಿ ಅಪ್ಪನ ಖಾನೇಸುಮಾರಿ

ನಮ್ಮಪ್ಪ ಬಾಗಲಕೋಟೆಯಲ್ಲಿ ಪ್ರಾಥಮಿಕ ಶಾಲೆ ಮಾಸ್ತರರಾಗಿದ್ದವರು. 1971ರಿಂದ 2001ರವರೆಗೆ ನಾಲ್ಕು ಸಲ ಜನಗಣತಿಗೆ ಹೋಗಿದ್ದಾರೆ. ಅವರ ಬಾಯಲ್ಲಿ ಅದು ಇವತ್ತಿಗೂ ಖಾನೇಸುಮಾರಿಯೇ. ಹಳೇ ಊರಿನ ಓಣಿ ಓಣಿ ಸುತ್ತಿ, ಗೋಡೆಯ ಮೇಲೆ ನಂಬರು ಬರೆದು, ಒಳಗೆ ಎಷ್ಟು ಜನ, ಯಾರ ವಯಸ್ಸೆಷ್ಟು, ಓದು ಬರಹ ಬರುತ್ತದಾ ಅಂತ ಕೇಳಿ ಬರೆದುಕೊಂಡು ಬಂದವರು. ಬೀಗ ಹಾಕಿದ ಮನೆ ಎದುರಾದರೆ ಅಪ್ಪ ಸುಮ್ಮನೆ ಮುಂದೆ ಹೋಗುತ್ತಿರಲಿಲ್ಲವಂತೆ. ಕಟ್ಟೆಯ ಮೇಲೆ ಧೂಳು ಎಷ್ಟು ಕೂತಿದೆ, ತುಳಸಿಗೆ ನೀರು ಬಿದ್ದಿದೆಯಾ, ಹಗ್ಗದ ಮೇಲೆ ಅರಿವೆ ಒಣಗಿದೆಯಾ ಅಂತ ನೋಡಿ, ಮರುದಿನ ಮತ್ತೆ ಅದೇ ಬಾಗಿಲಿಗೆ ಹೋಗುತ್ತಿದ್ದರು. "ಕೀಲಿ ಸುಳ್ಳ ಹೇಳತೈತಿ, ತುಳಸಿ ಹೇಳೂದಿಲ್ಲ" ಅನ್ನುತ್ತಿದ್ದರು.

2023ರ ಅಕ್ಟೋಬರಿನಲ್ಲಿ ಅಪ್ಪ ನಮ್ಮ ಮನೆಗೆ, ಸೇಂಟ್ ಲೂಯಿಸ್‌ಗೆ ಬಂದಿದ್ದರು. ಮಿಸಿಸಿಪ್ಪಿ ನದಿಯನ್ನು ತೋರಿಸಿದೆ. ದಂಡೆಯ ಮೆಟ್ಟಿಲ ಮೇಲೆ ಬಹಳ ಹೊತ್ತು ನಿಂತು ನೋಡಿ, "ಈ ಹೊಳಿಗೆ ಕೂಡಲ ಎಲ್ಲಿ ಬರತೈತವ್ವಾ?" ಅಂತ ಕೇಳಿದರು. ಕೃಷ್ಣೆ ಮಲಪ್ರಭೆ ಕೂಡುವ ಕೂಡಲಸಂಗಮವನ್ನು ಬಾಲ್ಯದಿಂದ ನೋಡುತ್ತ ಬಂದವರಿಗೆ ಹೊಳೆ ಅಂದ ಮೇಲೆ ಅದು ಎಲ್ಲೋ ಇನ್ನೊಂದನ್ನು ಕೂಡಲೇಬೇಕು. ಓಹಿಯೊ ನದಿ ಬಂದು ಕೂಡುವ ಜಾಗ ಇಲ್ಲಿಂದ ಮೂರು ತಾಸಿನ ದಾರಿ, ಅಲ್ಲೊಂದು ಊರಿದೆ, ಅದರ ಹೆಸರು ಕೇರೊ ಅಂದೆ. ಇಂಗ್ಲಿಷಿನಲ್ಲಿ ಬರೆಯುವುದು ಈಜಿಪ್ಟಿನ ಕೈರೊ ಹಾಗೆಯೇ. ಇಲ್ಲಿಯವರು ಕರೆಯುವುದು ಕೇರೊ. ಅಲೆಕ್ಸಾಂಡರ್ ಕೌಂಟಿಯ ಕೇಂದ್ರ ಅದು. ನಮ್ಮ ಲೆಕ್ಕದಲ್ಲಿ ತಾಲ್ಲೂಕು ಕೇಂದ್ರ ಅಂದುಕೊಳ್ಳಿ: ಕೋರ್ಟು, ಖಜಾನೆ, ಜಮೀನಿನ ದಾಖಲೆ, ಜೈಲು ಎಲ್ಲ ಇರುವ ಊರು. ಜನಸಂಖ್ಯೆ ಎಷ್ಟು ಅಂತ ಅಪ್ಪ ಕೇಳೇ ಕೇಳುತ್ತಾರೆಂದು ಗೊತ್ತಿತ್ತು. 2020ರ ಗಣತಿಯಲ್ಲಿ 1,733.

"ತಾಲ್ಲೂಕಿನ ಊರಿಗೆ?" ಅಂದರು. ಅವರು ಒಂದು ಸಲಕ್ಕೆ ಎಣಿಸುತ್ತಿದ್ದ ಓಣಿಗಳ ಮಂದಿಯೇ ಅದರ ಅರ್ಧದಷ್ಟು ಇರುತ್ತಿದ್ದರು.

ನಾವು ಇಲಿನಾಯ್ ಕಡೆಯಿಂದ, ಮೂರನೇ ನಂಬರಿನ ರಸ್ತೆ ಹಿಡಿದು ಹೋದೆವು. ಮೆಕ್ಕೆಜೋಳದ ಕೊಯ್ಲು ಮುಗಿದ ಹೊಲಗಳು, ಒಂದು ಪಕ್ಕಕ್ಕೆ ಗುಡ್ಡ, ಇನ್ನೊಂದು ಪಕ್ಕಕ್ಕೆ ಕಾಣದಿದ್ದರೂ ಇದೆಯೆಂದು ಗೊತ್ತಾಗುವ ನದಿ. ಈ ಸೀಮೆಗೆ "ಲಿಟ್ಲ್ ಈಜಿಪ್ಟ್" ಅಂತಲೇ ಹೆಸರು. ಕೇರೊ ಅಷ್ಟೇ ಅಲ್ಲ, ಥೀಬ್ಸ್ ಇದೆ, ಕಾರ್ನಾಕ್ ಇದೆ. ಥೀಬ್ಸ್‌ನಲ್ಲಿ ಕಾರು ನಿಲ್ಲಿಸಿದೆ. ಮಿಸಿಸಿಪ್ಪಿಯ ದಂಡೆಗೆ ದಿಬ್ಬದ ಮೇಲೆ ಹಳೆಯ ಕೋರ್ಟು ಕಟ್ಟಡ ಇನ್ನೂ ನಿಂತಿದೆ. ಕೇರೊಗಿಂತ ಮೊದಲು ಕೌಂಟಿಯ ಕೇಂದ್ರ ಇದಾಗಿತ್ತು. 1819ರಲ್ಲಿ ಕೌಂಟಿ ಆದಾಗ ಮೊದಲ ಕೇಂದ್ರದ ಹೆಸರು ಅಮೆರಿಕ. ಅಲ್ಲಿಂದ ಯೂನಿಟಿ ಎಂಬ ಊರಿಗೆ, ಯೂನಿಟಿಯಿಂದ ಥೀಬ್ಸ್‌ಗೆ, ಈ ದೇಶದ ಉತ್ತರ ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧಕ್ಕೆ ಸ್ವಲ್ಪ ಮುಂಚೆ ಥೀಬ್ಸ್‌ನಿಂದ ಕೇರೊಗೆ ದಫ್ತರಗಳನ್ನು ಹೊತ್ತುಕೊಂಡು ಹೋದರು. ಕೋರ್ಟು ಹೋದಲ್ಲಿ ವಕೀಲರು, ವಕೀಲರ ಹಿಂದೆ ಖಾನಾವಳಿ. ಬಿಟ್ಟುಹೋದ ಊರಿಗೆ ಕಟ್ಟಡವೊಂದು ಉಳಿಯುತ್ತದೆ. ಅಪ್ಪನಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ವಿಜಾಪುರ ಜಿಲ್ಲೆ ಒಡೆದು 1997ರಲ್ಲಿ ಬಾಗಲಕೋಟೆ ಜಿಲ್ಲೆಯಾದಾಗ ಒಂದು ಆಫೀಸು ಬಂದರೆ ಅದರ ಸುತ್ತ ಏನೇನು ಹುಟ್ಟುತ್ತದೆ ಅಂತ ಅವರು ಕಣ್ಣಾರೆ ನೋಡಿದವರು.

ಕೇರೊ ಒಳಗೆ ಹೋಗುವುದೆಂದರೆ ಕೋಟೆಯೊಳಗೆ ಹೋದ ಹಾಗೆ. ಊರಿನ ಸುತ್ತ ಏರಿ, ಏರಿಯ ಜೊತೆಗೆ ಓಹಿಯೊ ಕಡೆಗೆ ಕಾಂಕ್ರೀಟಿನ ಗೋಡೆ. ಉತ್ತರದಿಂದ ಬರುವ ರಸ್ತೆ ರೈಲು ಹಳಿಯ ಕೆಳಗೆ ನುಸುಳುತ್ತದೆ, ಅಲ್ಲಿ ತಲೆಯ ಮೇಲೆ ಉಕ್ಕಿನ ದೊಡ್ಡ ಬಾಗಿಲು ತೂಗುತ್ತಿದೆ. ನದಿ ಮೇಲೆ ಬಂದರೆ ಅದನ್ನು ಇಳಿಸಿ ಊರನ್ನು ಮುಚ್ಚಿಬಿಡುತ್ತಾರೆ. ಇಡೀ ಇಲಿನಾಯ್ ರಾಜ್ಯದಲ್ಲಿ ಎಲ್ಲಕ್ಕಿಂತ ತಗ್ಗಿನ ನೆಲ ಇದು. ಎರಡು ಮಹಾನದಿಗಳ ನಡುವಿನ ನಾಲಿಗೆಯಂಥ ತುಂಡು ಭೂಮಿ. ಇಲ್ಲಿ ಊರು ಕಟ್ಟಬೇಕು ಅಂತ ಯಾರಿಗಾದರೂ ಯಾಕೆ ಅನ್ನಿಸಿತು ಅಂತ ಅಪ್ಪ ಕೇಳಿದರು.

ನಕ್ಷೆ ನೋಡಿದವರಿಗೆಲ್ಲ ಅನ್ನಿಸಿತ್ತು ಎಂಬುದೇ ಅದಕ್ಕೆ ಉತ್ತರ. ಅಮೆರಿಕದ ಪೂರ್ವದ ಸರಕೆಲ್ಲ ಓಹಿಯೊದಲ್ಲಿ ಇಳಿದು ಬರುತ್ತದೆ, ಉತ್ತರದ್ದು ಮಿಸಿಸಿಪ್ಪಿಯಲ್ಲಿ. ಎರಡೂ ಕೂಡಿ ನ್ಯೂ ಆರ್ಲಿಯನ್ಸ್‌ಗೆ ಹೋಗುತ್ತವೆ. ಕೂಡುವ ಜಾಗದಲ್ಲಿ ಮಹಾನಗರ ಆಗದೆ ಇನ್ನೇನಾದೀತು? ಲೂಯಿಸ್ ಮತ್ತು ಕ್ಲಾರ್ಕ್ ಎಂಬ ಅನ್ವೇಷಕರು ತಮ್ಮ ಪಶ್ಚಿಮಯಾತ್ರೆಗೆ ಹೊರಟಾಗ 1803ರ ನವೆಂಬರಿನಲ್ಲಿ ಇಲ್ಲೇ ಬಿಡಾರ ಹೂಡಿ ಅಕ್ಷಾಂಶ ರೇಖಾಂಶ ಅಳೆಯುವುದನ್ನು ಅಭ್ಯಾಸ ಮಾಡಿದ್ದರು. 1818ರಲ್ಲಿ ಜಾನ್ ಕೊಮೆಜಿಸ್ ಎಂಬ ವ್ಯಾಪಾರಿ ಕೇರೊ ನಗರಕ್ಕೂ ಕೇರೊ ಬ್ಯಾಂಕಿಗೂ ಸನ್ನದು ಪಡೆದ. ನಗರಕ್ಕಿಂತ ಮೊದಲೇ ಬ್ಯಾಂಕು! ಅವನು ಸತ್ತ, ಯೋಜನೆಯೂ ಅವನ ಜೊತೆಗೇ ಹೋಯಿತು. 1837ರಲ್ಲಿ ಡೇರಿಯಸ್ ಹೋಲ್‌ಬ್ರುಕ್ ಎಂಬಾತ ಕಂಪನಿ ಕಟ್ಟಿ, ಲಂಡನ್ನಿನಲ್ಲಿ ಬಾಂಡು ಮಾರಿ, ಏರಿ ಕಟ್ಟಿಸಿ, ಊರು ಎಬ್ಬಿಸಿದ. 1840ರಲ್ಲಿ ಲಂಡನ್ನಿನ ಸಾಲದ ಸಂಸ್ಥೆ ಬಿದ್ದಿತು, ಊರೂ ಖಾಲಿಯಾಯಿತು. 1850ರ ಗಣತಿಯಲ್ಲಿ ಕೇರೊದಲ್ಲಿ ಸಿಕ್ಕವರು 242 ಜನ.

ಹೊರಡುವ ಮೊದಲೇ ನಾನು ಗಣತಿಯ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಕಾರಿನಲ್ಲಿ ಕೂತು ಅಪ್ಪ ಆ ಹಾಳೆಯ ಮೇಲೆ ಬೆರಳಿಟ್ಟು ಓದಿದರು. 1860ರಲ್ಲಿ 2,188. 1870ರಲ್ಲಿ 6,267. 1890ರಲ್ಲಿ 10,324. 1910ರಲ್ಲಿ 14,548. 1920ರಲ್ಲಿ 15,203. ಅಲ್ಲಿಗೆ ಏರಿಕೆ ಮುಗಿಯಿತು. 1950ರಲ್ಲಿ 12,123, 1960ರಲ್ಲಿ 9,348, 1970ರಲ್ಲಿ 6,277. ಬೆರಳು ಅಲ್ಲಿ ನಿಂತಿತು. ಮತ್ತೆ ಮೇಲೆ ಹೋಯಿತು. "ಇಲ್ಲಿ ನೋಡವ್ವಾ. ನೂರು ವರ್ಷಕ್ಕ ಹತ್ತ ಮಂದಿ ಹೆಚ್ಚ ಅಷ್ಟ."

ನಾನು ಅಂಕಿ ಬರೆದಾಗ ಇದನ್ನು ಗಮನಿಸಿರಲಿಲ್ಲ. 1870ರಲ್ಲಿ 6,267, 1970ರಲ್ಲಿ 6,277. ಗಣತಿಯ ಕಾಗದದ ಮೇಲೆ ಎರಡೂ ಒಂದೇ ಊರಿನ ಹಾಗೆ ಕಾಣುತ್ತವೆ. ಒಂದು ಬರುತ್ತಿದ್ದವರ ಊರು, ಇನ್ನೊಂದು ಹೋಗುತ್ತಿದ್ದವರ ಊರು. ಆ ದಿನ ಪೂರ್ತಿ ನಾನು ಈ ಎರಡು ಸಂಖ್ಯೆಗಳ ನಡುವೆಯೇ ಓಡಾಡಿದೆ.

ಬರುತ್ತಿದ್ದವರು ಯಾಕೆ ಬಂದರು ಎಂಬುದು ಸುಲಭ. 1850ರ ದಶಕದಲ್ಲಿ ಇಲಿನಾಯ್ ಸೆಂಟ್ರಲ್ ರೈಲು ಮೇಲಿನಿಂದ ಕೇರೊವರೆಗೆ ಬಂತು. ರೈಲಿನಿಂದ ದೋಣಿಗೆ, ದೋಣಿಯಿಂದ ರೈಲಿಗೆ ಸರಕು ಏರಿಸಿ ಇಳಿಸುವ ಕೆಲಸ. 1861ರ ಸೆಪ್ಟೆಂಬರಿನಲ್ಲಿ ಯುಲಿಸಿಸ್ ಗ್ರಾಂಟ್ ಎಂಬ, ಆಗಿನ್ನೂ ಯಾರಿಗೂ ಅಷ್ಟಾಗಿ ಗೊತ್ತಿಲ್ಲದ ಸೇನಾಧಿಕಾರಿ ಇಲ್ಲಿ ಠಾಣ್ಯ ಹೂಡಿದ. 1862ರ ಫೆಬ್ರುವರಿಯಲ್ಲಿ ದಕ್ಷಿಣದ ಹೆನ್ರಿ ಮತ್ತು ಡೊನೆಲ್ಸನ್ ಕೋಟೆಗಳನ್ನು ಹಿಡಿಯಲು ದಂಡು ಹೊರಟದ್ದು ಈ ದಂಡೆಯಿಂದ. ಮುಂದೆ ಆತ ಅಧ್ಯಕ್ಷನಾದ. ಸೈನ್ಯದ ದೋಣಿಗಳು ದಕ್ಷಿಣಕ್ಕೆ ಹೋದರೆ, ದಕ್ಷಿಣದ ತೋಟಗಳಿಂದ ತಪ್ಪಿಸಿಕೊಂಡ ಗುಲಾಮರು ಉತ್ತರಕ್ಕೆ ಬಂದರು. ಸಾವಿರಾರು ಜನ ಈ ಕೆಸರು ನೆಲದಲ್ಲಿ ಸರ್ಕಾರದ ಶಿಬಿರದಲ್ಲಿ ಇಳಿದರು. ಗುಲಾಮಗಿರಿ ಇಲ್ಲದ ರಾಜ್ಯದ ಮೊದಲ ನೆಲ ಅವರಿಗೆ ಕೇರೊ. ಕೆಲವರು ಮುಂದಕ್ಕೆ ಹೋದರು, ಬಹಳ ಜನ ಇಲ್ಲೇ ನಿಂತರು, ಹಡಗುಕಟ್ಟೆಯಲ್ಲಿ ಹಮಾಲಿ ಮಾಡಿದರು, ಶಾಲೆ ಚರ್ಚು ಕಟ್ಟಿಕೊಂಡರು. 1900ರ ಹೊತ್ತಿಗೆ ಊರಿನ ಐವರಲ್ಲಿ ಹೆಚ್ಚುಕಡಿಮೆ ಇಬ್ಬರು ಕಪ್ಪುಜನ.

ಆ ಕಾಲದ ದುಡ್ಡು ಇನ್ನೂ ಕಣ್ಣಿಗೆ ಬೀಳುತ್ತದೆ. 1872ರ ಕಸ್ಟಮ್ ಹೌಸ್ ಕಲ್ಲಿನ ಕಟ್ಟಡ, ಸಮುದ್ರವೇ ಇಲ್ಲದ ಊರಿಗೆ ಸುಂಕದ ಕಟ್ಟೆ. 1884ರ ಸಾಫರ್ಡ್ ಗ್ರಂಥಾಲಯ ಕೆಂಪು ಇಟ್ಟಿಗೆಯದು, ಇವತ್ತಿಗೂ ಗ್ರಂಥಾಲಯವೇ. ವಾಷಿಂಗ್ಟನ್ ಅವೆನ್ಯೂದಲ್ಲಿ ಮ್ಯಾಗ್ನೋಲಿಯಾ ಮರಗಳ ನೆರಳಲ್ಲಿ ಮಿಲ್ಲಿನ ಸಾಹುಕಾರರ ಬಂಗಲೆಗಳು. ಅದರಲ್ಲೊಂದು, ಹಿಟ್ಟಿನ ವ್ಯಾಪಾರಿ ಗ್ಯಾಲಿಗರ್ ಕಟ್ಟಿಸಿದ ಮ್ಯಾಗ್ನೋಲಿಯಾ ಮ್ಯಾನರ್. ಗ್ರಾಂಟ್ ಅಧ್ಯಕ್ಷಗಿರಿ ಮುಗಿಸಿ 1880ರಲ್ಲಿ ಬಂದಾಗ ಇಳಿದುಕೊಂಡದ್ದು ಅಲ್ಲಿ.

ಕಮರ್ಷಿಯಲ್ ಅವೆನ್ಯೂಗೆ ಬಂದರೆ ಮಾತು ನಿಲ್ಲುತ್ತದೆ. ಊರಿನ ಪೇಟೆಯಾಗಿತ್ತು ಅದು. ಈಗ ಎರಡೂ ಕಡೆ ಹುಲ್ಲು ಬೆಳೆದ ಖಾಲಿ ಜಾಗ, ನಡುನಡುವೆ ಒಂದೊಂದು ಒಂಟಿ ಕಟ್ಟಡ, ಕೆಲವಕ್ಕೆ ಮುಂಗೋಡೆ ಮಾತ್ರ. ಕಿಟಕಿಯೊಳಗಿಂದ ಆಕಾಶ. ಅಪ್ಪ ಕಾರಿನಿಂದಿಳಿದು ಪುಟ್‌ಪಾತಿನ ಮೇಲೆ ನಿಂತರು. ಒಂದು ಅಂಗಡಿಯ ಹೊಸ್ತಿಲು, ಬಿಳಿ ಷಟ್ಕೋನದ ಸಣ್ಣ ಹೆಂಚುಗಳನ್ನು ಜೋಡಿಸಿದ್ದು, ಹುಲ್ಲಿನ ನಡುವೆ ಹಾಗೇ ಉಳಿದಿತ್ತು. ಹಿಂದೆ ಅಂಗಡಿ ಇರಲಿಲ್ಲ. ಹೊಸ್ತಿಲು ಸವೆದಿತ್ತು. ಅಪ್ಪ ಅದನ್ನು ತುಳಿಯದೆ ದಾಟಿದರು.

1920ರಿಂದೀಚೆಗೆ ನೂರು ವರ್ಷದಲ್ಲಿ ಒಂಬತ್ತರಲ್ಲಿ ಎಂಟು ಪಾಲು ಜನ ಹೋದರು. ಎಲ್ಲಿಗೆ, ಯಾಕೆ? ಸಾಮಾನ್ಯವಾಗಿ ಕೊಡುವ ಕಾರಣ ವ್ಯಾಪಾರದ್ದು. ಅದು ಸುಳ್ಳಲ್ಲ. 1889ರಲ್ಲಿ ಓಹಿಯೊ ಮೇಲೆ ರೈಲು ಸೇತುವೆ ಆಯಿತು, ರೈಲುಡಬ್ಬಿಗಳನ್ನು ದೋಣಿಯ ಮೇಲೆ ದಾಟಿಸುವ ಕೆಲಸ ಹೋಯಿತು. 1905ರಲ್ಲಿ ಥೀಬ್ಸ್‌ನಲ್ಲಿ ಮಿಸಿಸಿಪ್ಪಿಗೂ ಸೇತುವೆ ಬಂತು. ಆಮೇಲೆ ಲಾರಿಗಳು. 1978ರಲ್ಲಿ ಐ-57 ಹೆದ್ದಾರಿಯ ಸೇತುವೆ ಊರನ್ನು ಪಕ್ಕಕ್ಕೆ ಬಿಟ್ಟು ಹಾದುಹೋಯಿತು. ಆದರೆ ಇದೇ ರೈಲು, ಇದೇ ಲಾರಿ, ಇದೇ ಹೊಳೆ ಪಕ್ಕದ ಊರುಗಳಿಗೂ ಇತ್ತಲ್ಲ? ಮಿಸಿಸಿಪ್ಪಿಯ ಆಚೆ ದಂಡೆಯ ಕೇಪ್ ಜಿರಾರ್ಡೊ 1920ರಲ್ಲಿ ಕೇರೊಗಿಂತ ಚಿಕ್ಕ ಊರು, ಈಗ ಸುಮಾರು 40,000 ಜನ. ಓಹಿಯೊ ದಂಡೆಯ ಪಡೂಕಾದಲ್ಲಿ 27,000. ಬರೀ ವ್ಯಾಪಾರದ ಕಾರಣ ಕೇಳಿ ನನಗೆ ಸಮಾಧಾನವಾಗುವುದಿಲ್ಲ.

ಉಳಿದ ಕಾರಣವನ್ನು ಅಪ್ಪನಿಗೆ ಹೇಳುವುದಕ್ಕೆ ನನಗೆ ಹೊತ್ತು ಬೇಕಾಯಿತು. ಕಮರ್ಷಿಯಲ್ ಅವೆನ್ಯೂ ಎಂಟನೇ ಬೀದಿಯನ್ನು ಸಂಧಿಸುವಲ್ಲಿ ಒಂದು ಕಮಾನಿತ್ತು, ಅದಕ್ಕೆ ವಿದ್ಯುತ್ ದೀಪಗಳ ಸಾಲು. 1909ರ ನವೆಂಬರ್ 11ರ ರಾತ್ರಿ ಆ ದೀಪಗಳ ಬೆಳಕಿನಲ್ಲಿ ವಿಲ್ ಜೇಮ್ಸ್ ಎಂಬ ಕಪ್ಪು ಮನುಷ್ಯನನ್ನು ಸಾವಿರಾರು ಜನ ಸೇರಿ ಕೊಂದರು. ಒಬ್ಬ ಬಿಳಿ ಹುಡುಗಿಯ ಕೊಲೆಯ ಆಪಾದನೆ ಅವನ ಮೇಲಿತ್ತು, ವಿಚಾರಣೆ ನಡೆಯಲೇ ಇಲ್ಲ. ಪತ್ರಕರ್ತೆ ಐಡಾ ಬಿ. ವೆಲ್ಸ್ ಶಿಕಾಗೊದಿಂದ ಬಂದು ಮನೆಮನೆಗೆ ಹೋಗಿ ಮಾಹಿತಿ ಕೂಡಿಸಿದರು, ಕೈದಿಯನ್ನು ಕಾಯದ ಶೆರೀಫನಿಗೆ, ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥನಿಗೆ, ಮತ್ತೆ ಅಧಿಕಾರ ಕೊಡಕೂಡದೆಂದು ರಾಜ್ಯದ ರಾಜಧಾನಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಗವರ್ನರ್ ಡೆನೀನ್ ಎದುರು ವಾದಿಸಿದರು. ಗವರ್ನರ್ ಒಪ್ಪಿದರು. ಊರು ಮಾತ್ರ ತನ್ನ ದಾರಿ ಬದಲಿಸಲಿಲ್ಲ.

ಅಪ್ಪ ಏನೂ ಅನ್ನಲಿಲ್ಲ. ನಾನು ಈಜುಕೊಳದ ಕಥೆಗೆ ಬಂದೆ. ಎರಡು ಹೊಳೆಗಳ ನಡುವಿನ ಊರಿನಲ್ಲಿ ಸಾರ್ವಜನಿಕರಿಗೆಂದು ಇದ್ದ ಈಜುಕೊಳವನ್ನು "ಸದಸ್ಯರಿಗೆ ಮಾತ್ರ" ಅಂತ ಬೋರ್ಡು ಹಾಕಿ ಕಪ್ಪು ಮಕ್ಕಳಿಗೆ ಮುಚ್ಚಿದ್ದರು. 1962ರಲ್ಲಿ ಊರಿನ ಹೈಸ್ಕೂಲು ಹುಡುಗರು ಹುಡುಗಿಯರು ಅದರ ಎದುರು ನಿಂತು ಪ್ರತಿಭಟಿಸಿದರು. ಆಗ ಅವರ ಜೊತೆ ಮೊಣಕಾಲೂರಿ ಪ್ರಾರ್ಥಿಸಿದ 22 ವರ್ಷದ ತರುಣ ಜಾನ್ ಲೂಯಿಸ್ ಮುಂದೆ ಅಮೆರಿಕದ ಸಂಸತ್ತಿಗೆ ಹೋದರು. ಡ್ಯಾನಿ ಲಯನ್ ತೆಗೆದ ಆ ಪೋಟೊ ದೇಶವೆಲ್ಲ ಭಿತ್ತಿಪತ್ರವಾಗಿ ಹಂಚಿಹೋಯಿತು. ಕೊಳದ ಗತಿ? ಎಲ್ಲರಿಗೂ ತೆರೆಯಬೇಕಾಗಿ ಬಂದಾಗ ಮುಚ್ಚಿಬಿಟ್ಟರು, ಕೊನೆಗೆ ಕಾಂಕ್ರೀಟ್ ತುಂಬಿಸಿದರು. ಬಿಳಿ ಮಕ್ಕಳಿಗೂ ಕೊಳ ಇಲ್ಲವಾಯಿತು.

"ಬಾವಿಗೆ ಕಲ್ಲ ತುಂಬಿದಂಗ" ಅಂದರು ಅಪ್ಪ. ನಮ್ಮ ಕಡೆಯ ಕೇರಿಯ ಬಾವಿ, ಊರ ಬಾವಿ ಅವರ ತಲೆಯಲ್ಲಿತ್ತು. ಮಾಸ್ತರಾಗಿ ಯಾವ ಯಾವ ಹಳ್ಳಿಯಲ್ಲಿ ಯಾರು ಯಾವ ಬಾವಿಯಿಂದ ದೂರ ನಿಂತದ್ದನ್ನು ನೋಡಿದ್ದಾರೋ, ಆ ಹೊತ್ತು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

1967ರ ಜುಲೈಯಲ್ಲಿ ರಜೆಯ ಮೇಲೆ ಊರಿಗೆ ಬಂದಿದ್ದ ಕಪ್ಪು ಸೈನಿಕ, 19 ವರ್ಷದ ರಾಬರ್ಟ್ ಹಂಟ್, ಪೊಲೀಸ್ ಠಾಣೆಯ ಕೋಣೆಯಲ್ಲಿ ನೇಣಿನಲ್ಲಿ ಸಿಕ್ಕ. ಅಧಿಕಾರಿಗಳು ಆತ್ಮಹತ್ಯೆ ಅಂದರು, ಅವನ ಕೇರಿಯವರು ನಂಬಲಿಲ್ಲ. ಬೆಂಕಿ ಬಿತ್ತು, ರಾಜ್ಯದ ಸೇನಾಪಡೆ ಬಂತು. ಬಿಳಿಯರು ಬಂದೂಕು ಹಿಡಿದು "ವೈಟ್ ಹ್ಯಾಟ್ಸ್" ಎಂಬ ಕಾವಲುಪಡೆ ಕಟ್ಟಿಕೊಂಡರು. 1969ರಲ್ಲಿ ಕಪ್ಪುಜನ ಯುನೈಟೆಡ್ ಫ್ರಂಟ್ ಎಂದು ಒಂದಾಗಿ, ಚಾರ್ಲ್ಸ್ ಕೋಯೆನ್ ಎಂಬ ತರುಣ ಪಾದ್ರಿಯ ಮುಂದಾಳತ್ವದಲ್ಲಿ ಪೇಟೆಯನ್ನು ಬಹಿಷ್ಕರಿಸಿದರು. ಅವರು ಕೇಳಿದ್ದು ದೊಡ್ಡದೇನಲ್ಲ. ನಮ್ಮ ದುಡ್ಡು ತೆಗೆದುಕೊಳ್ಳುವ ಅಂಗಡಿಯಲ್ಲಿ ನಮ್ಮ ಮಕ್ಕಳಿಗೂ ಗಲ್ಲೆಯ ಮುಂದೆ ನಿಲ್ಲುವ ಕೆಲಸ ಕೊಡಿ ಎಂಬುದು ಅದರಲ್ಲಿ ಮುಖ್ಯ. ವರ್ಷಗಟ್ಟಲೆ ಬಹಿಷ್ಕಾರ ನಡೆಯಿತು, ಎಷ್ಟೋ ರಾತ್ರಿ ಪಿರಮಿಡ್ ಕೋರ್ಟ್ಸ್ ಎಂಬ ಕಪ್ಪುಜನರ ವಸತಿಯ ಮೇಲೆ ಗುಂಡು ಹಾರಿದವು. ಅಂಗಡಿಕಾರರಲ್ಲಿ ಬಹಳ ಮಂದಿ ಒಬ್ಬ ಕಪ್ಪು ಗುಮಾಸ್ತನನ್ನು ಇಟ್ಟುಕೊಳ್ಳುವುದಕ್ಕಿಂತ ಅಂಗಡಿ ಮುಚ್ಚಿ ಬೇರೆ ಊರಿಗೆ ಹೋಗುವುದು ವಾಸಿ ಅಂದುಕೊಂಡರು. 1960ರಿಂದ 1970ರೊಳಗೆ ಊರಿನ ಮೂರರಲ್ಲೊಂದು ಪಾಲು ಕರಗಿತು. 6,277ರ ಅರ್ಥ ಇದು.

ನದಿಗೆ ಹೋಗೋಣ ಅಂದರು ಅಪ್ಪ.

ಊರಿನ ದಕ್ಷಿಣದ ತುದಿಗೆ, ಏರಿಯ ಹೊರಗೆ, ಫೋರ್ಟ್ ಡಿಫೈಯನ್ಸ್. ಗ್ರಾಂಟನ ಕಾಲದ ಕೋಟೆಯ ಹೆಸರಷ್ಟೇ ಉಳಿದ ಉದ್ಯಾನ. ಆ ವರ್ಷ ನೀರು ಬಹಳ ಇಳಿದಿತ್ತು, ದಂಡೆಯ ಕೆಸರು ಒಣಗಿ ಹೆಂಚಿನ ಹಾಗೆ ಬಿರಿದಿತ್ತು. ಅಪ್ಪ ಪ್ಯಾಂಟು ಮಡಚಿ, ನನ್ನ ಕೈ ಹಿಡಿದು, ತುತ್ತತುದಿಗೆ ಇಳಿದರು. ಎಡಕ್ಕೆ ಓಹಿಯೊ, ಸ್ವಲ್ಪ ಹಸಿರು. ಬಲಕ್ಕೆ ಮಿಸಿಸಿಪ್ಪಿ, ಮಿಸೌರಿ ಸೀಮೆಯ ಮಣ್ಣು ಹೊತ್ತ ಚಹಾದ ಬಣ್ಣ. ಕೂಡಿದ ಮೇಲೂ ಎರಡು ಬಣ್ಣ ಪಕ್ಕಪಕ್ಕಕ್ಕೆ ಸಾಗುತ್ತವೆ, ನಡುವೆ ಒಂದು ಗೆರೆ, ಗೆರೆಯ ಮೇಲೆ ಸಣ್ಣ ಸಣ್ಣ ಸುಳಿ. ಇಲ್ಲಿಗೆ ಬರುವಾಗ ಓಹಿಯೊದಲ್ಲಿ ಸಾಮಾನ್ಯವಾಗಿ ಮಿಸಿಸಿಪ್ಪಿಗಿಂತ ಹೆಚ್ಚು ನೀರಿರುತ್ತದೆ, ಆದರೂ ಮುಂದಿನ ಹೆಸರು ಮಿಸಿಸಿಪ್ಪಿಯದೇ ಅಂದೆ. ಅಪ್ಪ ಮೊದಲು ಎಡಗಡೆ ನೀರಿಗೆ ಬಗ್ಗಿ ಬೊಗಸೆ ತುಂಬಿ ತಲೆಗೆ ಚಿಮುಕಿಸಿಕೊಂಡರು, ನಾಲ್ಕು ಹೆಜ್ಜೆ ಬಲಕ್ಕೆ ನಡೆದು ಅಲ್ಲಿಯದನ್ನೂ.

ನಮ್ಮ ಮನೆ ಬಾಗಲಕೋಟೆಯ ಹಳೇ ಊರಿನಲ್ಲಿ ಆಲಮಟ್ಟಿಯ ಹಿನ್ನೀರಿಗೆ ಹೋದ ಮನೆಗಳಲ್ಲೊಂದು. ಅಪ್ಪ ಖಾನೇಸುಮಾರಿಗೆ ಬರೆದ ನಂಬರಿನ ಪಕ್ಕದಲ್ಲೇ ಪರಿಹಾರದವರು ಬಂದು ಇನ್ನೊಂದು ನಂಬರು ಬರೆದುಹೋಗಿದ್ದರು. ನವನಗರಕ್ಕೆ ಬಂದೆವು, ಓಣಿಯ ಹೆಸರು ಹೋಗಿ ಸೆಕ್ಟರಿನ ನಂಬರು ಬಂತು. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಲಿಂಗವನ್ನು ನೀರು ಮುಳುಗಿಸದಂತೆ ಸುತ್ತ ಬಾವಿಯ ಹಾಗೆ ಗೋಡೆ ಎತ್ತಿ ಉಳಿಸಿಕೊಂಡರು. ಸಂಗಮದಲ್ಲಿ ಗೋಡೆ ಕಟ್ಟಿ ನೀರನ್ನು ಹೊರಗಿಡುವುದನ್ನು ನೋಡಿದ ನಮಗೆ ಕೇರೊದ ಗೋಡೆ ಹೊಸದಾಗಿ ಕಾಣಲಿಲ್ಲ.

ಆ ಗೋಡೆ ತನ್ನ ಕೆಲಸವನ್ನು ಚೊಕ್ಕಟವಾಗಿ ಮಾಡಿದೆ, ಇದನ್ನು ಹೇಳಲೇಬೇಕು. 1937ರ ಮಹಾಪೂರದಲ್ಲಿ ನದಿ 59.5 ಅಡಿಗೆ ಬಂತು, ಊರು ಉಳಿಯಿತು. 2011ರ ಮೇ 2ರಂದು ಅದನ್ನೂ ಮೀರಿ 61.72 ಅಡಿ. ಗೋಡೆಯ ಎತ್ತರ 64. ಊರಿನವರನ್ನೆಲ್ಲ ಹೊರಡಿಸಿದ್ದರು. ಆ ರಾತ್ರಿ ಸೈನ್ಯದ ಎಂಜಿನಿಯರುಗಳು ಆಚೆ ದಂಡೆಯಲ್ಲಿ, ಮಿಸೌರಿಯ ಬರ್ಡ್ಸ್ ಪಾಯಿಂಟ್‌ನ ಏರಿಯನ್ನು ಸಿಡಿಮದ್ದಿಟ್ಟು ಒಡೆದರು. ನೀರು 130,000 ಎಕರೆ ಹೊಲಕ್ಕೆ ನುಗ್ಗಿತು, ಕೇರೊದಲ್ಲಿ ಇಳಿಯಿತು. ಒಡೆಯಬಾರದೆಂದು ಮಿಸೌರಿ ಸರ್ಕಾರ ಸುಪ್ರೀಂ ಕೋರ್ಟಿನವರೆಗೆ ಹೋಗಿ ಸೋತಿತ್ತು. ಆ ಹೊಲಗಳ ನಡುವೆ ಪಿನ್‌ಹುಕ್ ಎಂಬ, ಕಪ್ಪು ರೈತರು ಕಟ್ಟಿಕೊಂಡ, ಗಣತಿಯಲ್ಲಿ ಬರೀ 30 ಜನರಿದ್ದ ಹಳ್ಳಿ ಇತ್ತು. ಅದು ಮುಳುಗಿತು, ಅದೇ ಜಾಗದಲ್ಲಿ ಮತ್ತೆ ಏಳಲಿಲ್ಲ. ಇದನ್ನು ಕೇಳಿ ಅಪ್ಪ ಒಂದೇ ಪ್ರಶ್ನೆ ಕೇಳಿದರು: "ಪರಿಹಾರ ಬಂತಾ?" ಮುಳುಗಡೆಯ ಊರಿನವರು ಮೊದಲು ಕೇಳುವ ಪ್ರಶ್ನೆ ಅದೇ. ಬರಬೇಕಾದ ಹೊತ್ತಿಗೆ ಬರಲಿಲ್ಲ, ವರ್ಷಗಟ್ಟಲೆ ಓಡಾಡಿದರು ಅಂದೆ.

ಹೊಳೆ ತೆಗೆದುಕೊಂಡು ಹೋಗದ ಊರಿನಿಂದ ಮತ್ತೆ ಜನ ಹೋದದ್ದು 2017ರಲ್ಲಿ. ಸರ್ಕಾರದ ಎರಡು ವಸತಿ ಸಮುಚ್ಚಯ, ಎಲ್ಮ್‌ವುಡ್ ಮತ್ತು ಮ್ಯಾಕ್‌ಬ್ರೈಡ್. ಅವುಗಳ ಆಡಳಿತ ವರ್ಷಾನುವರ್ಷ ರಿಪೇರಿಯನ್ನು ಕೈಬಿಟ್ಟಿತ್ತು, ಕೇಂದ್ರ ಸರ್ಕಾರ ವಶಕ್ಕೆ ತೆಗೆದುಕೊಂಡು, ಇನ್ನು ಸರಿಮಾಡಲಾಗದು ಅಂತ ಕೆಡವಲು ತೀರ್ಮಾನಿಸಿತು. ಸುಮಾರು 400 ಜನ, ಬಹಳಷ್ಟು ಮಕ್ಕಳು. ಬಾಡಿಗೆಗೆ ನೆರವಿನ ಚೀಟಿ ಕೊಟ್ಟರು, ಆದರೆ ಬಾಡಿಗೆಗೆ ಕೊಡುವಂಥ ಮನೆ ಕೇರೊದಲ್ಲಿ ಇದ್ದರೆ ತಾನೆ? ಬೇರೆ ಊರಿಗೆ ಹೋಗದೆ ದಾರಿ ಇರಲಿಲ್ಲ. ಸಾವಿರದ ಲೆಕ್ಕದ ಊರಿಗೆ ನಾನೂರು ಅಂದರೆ ಶಾಲೆಯ ತರಗತಿಗಳೇ ಖಾಲಿ. 2010ರಲ್ಲಿ 2,831 ಇದ್ದದ್ದು 2020ರಲ್ಲಿ 1,733. ಆ ಹತ್ತು ವರ್ಷದಲ್ಲಿ ಇಡೀ ಅಲೆಕ್ಸಾಂಡರ್ ಕೌಂಟಿ 8,238ರಿಂದ 5,240ಕ್ಕೆ ಇಳಿದು, ಶೇಕಡಾ ಲೆಕ್ಕದಲ್ಲಿ ಅಮೆರಿಕದಲ್ಲೇ ಎಲ್ಲಕ್ಕಿಂತ ವೇಗವಾಗಿ ಕುಗ್ಗಿದ ಕೌಂಟಿ ಅನ್ನಿಸಿಕೊಂಡಿತು. ನಮಗೆ ನವನಗರ ಅಂತ ಒಂದು ಕಡೆ ಕೊಟ್ಟರು, ಒಂದೇ ಓಣಿಯವರು ಚೂರುಪಾರಾದರೂ ಅಕ್ಕಪಕ್ಕ ಸಿಕ್ಕೆವು. ಇವರು ಯಾರೂ ಯಾರಿಗೂ ಸಿಗದ ಹಾಗೆ ಹಂಚಿಹೋದರು.

ಈ ಊರಿನ ಹೆಸರು ಹಾಕಿ ಹುಡುಕಿದರೆ ಸಿಗುವುದು "ದೆವ್ವದ ಊರು" ಎಂಬ ವೀಡಿಯೊಗಳು. ಕ್ಯಾಮೆರಾ ಹಿಡಿದವರು ಕಮರ್ಷಿಯಲ್ ಅವೆನ್ಯೂದಲ್ಲಿ ಕಾರು ಓಡಿಸಿ, ಮುರಿದ ಕಿಟಕಿಗಳನ್ನು ತೋರಿಸಿ, ದುಃಖದ ಸಂಗೀತ ಹಾಕಿ ಹೋಗುತ್ತಾರೆ. ನನಗೆ ಅವನ್ನು ಕಂಡರೆ ಸಿಟ್ಟು ಬರುತ್ತದೆ. 1,733 ಜನ ಇರುವ ಊರನ್ನು ದೆವ್ವದ ಊರು ಅನ್ನುವವನು ಆ 1,733 ಜನರನ್ನು ಏನೆಂದು ಕರೆದ ಹಾಗಾಯಿತು? ಆ ಜನರಲ್ಲಿ ಹತ್ತಕ್ಕೆ ಏಳರಷ್ಟು ಕಪ್ಪುಜನ, ಎಷ್ಟೋ ಮಂದಿ ಆ 1862ರ ಕೆಸರಿನ ಶಿಬಿರದ ಸಂತತಿ. ಬಿಟ್ಟುಹೋಗಲು ನೂರೈವತ್ತು ವರ್ಷದಲ್ಲಿ ಅವರಿಗೆ ಸಿಕ್ಕಷ್ಟು ಕಾರಣ ಬೇರೆ ಯಾರಿಗೂ ಸಿಕ್ಕಿಲ್ಲ. ಆದರೂ ಇದ್ದಾರೆ.

ಅಂಗಡಿಗೆ ಹೋದೆವು. 2015ರಲ್ಲಿ ಊರಿನ ಕಿರಾಣಿ ಅಂಗಡಿ ಮುಚ್ಚಿದ ಮೇಲೆ ಎಂಟು ವರ್ಷ ತಾಜಾ ತರಕಾರಿಗೆ ಸೇತುವೆ ದಾಟಿ ಬೇರೆ ರಾಜ್ಯಕ್ಕೆ ಹೋಗಬೇಕಿತ್ತು. ಆಸ್ಪತ್ರೆ 1986ರಲ್ಲೇ ಮುಚ್ಚಿದೆ. 2023ರ ಜೂನಿನಲ್ಲಿ ಊರವರೇ ಷೇರು ಹಾಕಿ ರೈಸ್ ಕಮ್ಯುನಿಟಿ ಮಾರ್ಕೆಟ್ ಎಂಬ ಸಹಕಾರಿ ಅಂಗಡಿ ತೆರೆದರು. "ಸೊಸಾಯಿಟಿ ಅನ್ನು ಮತ್ತ!" ಅಂತ ಅಪ್ಪನ ಮುಖ ಅರಳಿತು. ಬಾಳೆಹಣ್ಣು, ಬ್ರೆಡ್ಡು, ಒಂದು ಕಟ್ಟು ಹಸಿರು ಸೊಪ್ಪು ಕೊಂಡೆವು. ಗಲ್ಲೆಯಲ್ಲಿದ್ದ ಹೆಂಗಸು ಅಪ್ಪನ ಧೋತರದ ಹಾಗೆ ಮಡಚಿದ ಪ್ಯಾಂಟು, ಕೆಸರಾದ ಕಾಲು ನೋಡಿ, ನದಿಗೆ ಇಳಿದಿದ್ದಿರಾ ಅಂತ ಕೇಳಿದರು. ಎರಡೂ ನದಿಗೆ ಅಂದೆ. ಮುಂದಿನ ಸಲ ಕೋಲು ಹಿಡಿದುಕೊಳ್ಳಲು ಹೇಳು, ಅಲ್ಲಿ ಕೆಸರಿನ ಆಳ ಗೊತ್ತಾಗುವುದಿಲ್ಲ, ನಮ್ಮಪ್ಪನೂ ಹಾಗೇ ಇಳಿಯುತ್ತಿದ್ದ ಅಂದರು. ಹೊಸ ಬಂದರು ಕಟ್ಟುವ ಮಾತು ಊರಿನಲ್ಲಿದೆ, ರಾಜ್ಯ ಸರ್ಕಾರ 2020ರಲ್ಲಿ ಅದಕ್ಕೆ 4 ಕೋಟಿ ಡಾಲರ್ ಘೋಷಿಸಿತ್ತು. ಅದರ ಬಗ್ಗೆ ಕೇಳಿದ್ದಕ್ಕೆ ಆಕೆ, ಬರಲಿ, ಬಂದ ದಿನ ನಂಬುತ್ತೇವೆ ಅಂತ ಅಂದು ಚಿಲ್ಲರೆ ಎಣಿಸಿ ಕೊಟ್ಟರು.

ಹೊತ್ತು ಇಳಿಯುತ್ತಿತ್ತು. ವಾಪಸು ಹೊರಟಾಗ ಅಪ್ಪ ಒಂದು ಅಡ್ಡ ಬೀದಿಯಲ್ಲಿ ನಿಧಾನ ಹೋಗು ಅಂದರು. ಒಂದು ತುದಿಯಿಂದ ಇನ್ನೊಂದು ತುದಿಗೆ ಎರಡೂ ಕಡೆ ಸೇರಿ ಇಪ್ಪತ್ತಾರು ಮನೆ. ಕೆಲವಕ್ಕೆ ಪ್ಲೈವುಡ್ ಹೊಡೆದಿತ್ತು, ಒಂದರ ಮಾಡಿನೊಳಗಿಂದ ಮರ ಬೆಳೆದಿತ್ತು. ಅಪ್ಪ ಕಿಟಕಿ ಇಳಿಸಿ ನೋಡುತ್ತ ಬಂದರು. ಇಲ್ಲಿ ತುಳಸಿ ಇಲ್ಲ. ಮೆಟ್ಟಿಲ ಮೇಲೆ ಕುಂಬಳಕಾಯಿ ಇಟ್ಟಿದ್ದ ಮನೆ ಒಂದು, ಅದು ಆ ತಿಂಗಳ ಹಬ್ಬಕ್ಕೆ. ಮಗುವಿನ ಸೈಕಲ್ ಬಿದ್ದಿದ್ದ ಅಂಗಳ. ಹುಲ್ಲು ಕೊಯ್ದ ವಾಸನೆ. ಕಸದ ಡಬ್ಬಿ ರಸ್ತೆಗೆ ತಂದಿಟ್ಟ ಮನೆ. "ಇದು ಹಿಡಿ... ಇದು ಬಿಡು... ಇದು ಹಿಡಿ, ಒಳಗ ನಾಯಿ ಐತಿ." ನಾನು ಎಣಿಸುತ್ತ ಹೋದೆ. ಬೀದಿಯ ಕೊನೆಗೆ ಹನ್ನೊಂದು ಅಂದೆ.

ತಿರುವಿನಲ್ಲಿ ಇಂಡಿಕೇಟರ್ ಹಾಕಿ ನಿಂತಿದ್ದೆ. ಅಪ್ಪ ಹಿಂದಕ್ಕೆ ಹೊರಳಿ ನೋಡುತ್ತಲೇ ಇದ್ದರು. ನಾವು ಬಿಟ್ಟಿದ್ದ ಮನೆಗಳಲ್ಲೊಂದು, ಕಿಟಕಿಗೆ ಅರ್ಧ ಹಲಗೆ ಹೊಡೆದದ್ದು, ಅದರ ಹಿಂದಿನ ಕೋಣೆಯಲ್ಲಿ ದೀಪ ಹತ್ತಿತು.

"ಹನ್ನೆರಡ ಮಾಡವ್ವಾ" ಅಂದರು.